ರದ್ದಾದ ಎಪ್ಪತ್ತೊಂಬತ್ತು

ಮಾರ್ಚ್ ತಿಂಗಳ ಹನ್ನೊಂದನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತಕ್ಕಡಿ ಸಾಹೇಬರಿಗೆ ಘೋರವಾದ ಅನ್ಯಾಯವೊಂದು ಜರುಗಿತು. ಹತ್ತು ಗಂಟೆ ಹತ್ತೊಂಬತ್ತು ನಿಮಿಷದವರೆಗೆ ಎಪ್ಪತ್ತೊಂದು ವರ್ಷ ಎರಡು ತಿಂಗಳಿನವರಾಗಿದ್ದ ಅವರು, ಅಂಚೆಯಲ್ಲಿ ಬಂದ ಲಕೋಟೆಯೊಂದನ್ನು ಒಡೆದ ಮಾತ್ರಕ್ಕೆ ಎಪ್ಪತ್ತೊಂಬತ್ತು ವರ್ಷದವರಾದರು. ನಿಂತ ನಿಲುವಿನಲ್ಲಿ ಏಳು ವರ್ಷ ಹತ್ತು ತಿಂಗಳು! ಸರ್ಕಾರಿ ನೌಕರಿಯಲ್ಲಿ ಇಷ್ಟು ಶೀಘ್ರವಾಗಿ ಯಾರಿಗೂ ಬಡ್ತಿ ಸಿಕ್ಕ ದಾಖಲೆಯಿಲ್ಲ.

ಅದಕ್ಕಿಂತಲೂ ಘೋರವಾದುದು ಅದೇ ಲಕೋಟೆಯ ಎರಡನೆಯ ಹಾಳೆ. ಅದರ ಪ್ರಕಾರ, ಅರವತ್ತೇಳು ತುಂಬಿದ ಅವರ ಹೆಂಡತಿಯ ವಯಸ್ಸು ಐವತ್ತೆಂಟು.

"ಯಾರ ಪತ್ರಾರೀ?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು.

"ಯಾರದ್ದೂ ಅಲ್ಲ."

"ಯಾರದ್ದೂ ಅಲ್ಲದ ಪತ್ರಕ್ಕೆ ಮುಖ ಯಾಕೆ ಹಿಂಗಾಗಿದೆ?" ಎನ್ನುತ್ತ ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಎರಡೂ ಹಾಳೆಗಳನ್ನು ಕಸಿದುಕೊಂಡರು. ಮೊದಲು ತಮ್ಮದನ್ನು ಓದಿದರು. (ಇದು ಗಮನಿಸತಕ್ಕ ಅಂಶ.) ಆಮೇಲೆ ಗಂಡನದನ್ನು ಓದಿದರು. ಆಮೇಲೆ ಕುರ್ಚಿಯ ಮೇಲೆ ಕುಳಿತು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಗು ಬರುವಂಥದ್ದು ಏನಿದೆ ಅದರಲ್ಲಿ?"

"ಏನಿಲ್ಲ ಬಿಡಿ. ನಿಮ್ಮ ಮುಂದೆ ನಗೋದಕ್ಕೆ ನಾಚಿಕೆ ಆಗುತ್ತೆ. ದೊಡ್ಡವರು, ಇಪ್ಪತ್ತೊಂದು ವರ್ಷ ಹಿರಿಯರು!"

ತಕ್ಕಡಿ ಸಾಹೇಬರು ಎಂಬುದು ಅವರಿಗೆ ಅಂಗಡಿಯವರು ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರರಾಗಿದ್ದು ನಿವೃತ್ತರಾದವರು. ಬಟ್ಟೆ ಅಂಗಡಿಯ ಮೀಟರ್ ಪಟ್ಟಿ, ಎಣ್ಣೆ ಅಂಗಡಿಯ ಲೀಟರ್ ಅಳತೆ, ಚಿನ್ನದ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿ, ಎಲ್ಲವನ್ನೂ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಒತ್ತುವುದು ಅವರ ಕೆಲಸ. ಅವರು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಅಂಗಡಿಯಲ್ಲಿ ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಬೀಜದಷ್ಟು ಮೇಣವೂ ತಾನಾಗಿ ಕರಗುತ್ತಿತ್ತಂತೆ.

ಇಂಥ ಮನುಷ್ಯನಿಗೆ ಮುಪ್ಪಿನ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಎರಡು ವರ್ಷ ನಾಲ್ಕು ತಿಂಗಳ ಹಿಂದೆ. ಮುಪ್ಪನ್ನು ನಿಲ್ಲಿಸಲಾಗದಿದ್ದರೂ ನಿಧಾನಗೊಳಿಸುವ ದಾರಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ ಎಂಬ ಲೇಖನವೊಂದನ್ನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ, ಕಡತದಲ್ಲಿಟ್ಟು, ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ್ದರು.

"ನಿಧಾನ ಮಾಡೋದರಲ್ಲಿ ನಿಮ್ಮ ಇಲಾಖೆಯವರನ್ನ ಮೀರಿಸೋರು ಯಾರಿದ್ದಾರೆ? ನೀವೇ ಹೋಗಿ ಹೇಳಿಕೊಡಿ" ಎಂದಿದ್ದರು ಆಕೆ.

ಅಂದಿನಿಂದ ಸಾಹೇಬರ ದಿನಚರಿ ಋಷಿಗಳೂ ನಾಚುವಂತಿತ್ತು. ಬೆಳಿಗ್ಗೆ ತಣ್ಣೀರಿನ ಸ್ನಾನ. ದಿನಕ್ಕೆ ಏಳು ಸಾವಿರದ ಇನ್ನೂರು ಹೆಜ್ಜೆ. ಊಟದ ವ್ಯವಹಾರವೆಲ್ಲ ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ, ಆಮೇಲೆ ಪೂರ್ತಿ ಬಂದ್. ಸಕ್ಕರೆಗೆ ದೇಹಾಂತ ಶಿಕ್ಷೆ. ಬಾದಾಮಿಯನ್ನು ಎಣಿಸುವುದು ಅವೈಜ್ಞಾನಿಕವೆಂದು (ಎಲ್ಲ ಬಾದಾಮಿಯೂ ಒಂದೇ ಗಾತ್ರದ್ದಲ್ಲ) ಅದನ್ನು ಹಳೆಯ ತಕ್ಕಡಿಯಲ್ಲಿ ತೂಗಿಯೇ ತಿನ್ನುತ್ತಿದ್ದರು. ಸಂಜೆ ಹಜಾರದ ನಡುವೆ ಕೊಕ್ಕರೆಯಂತೆ ಒಂಟಿ ಕಾಲಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಆ ಹೊತ್ತಿಗೆ ಅವರ ಹೆಂಡತಿ ಮೂರು ಚಮಚ ಸಕ್ಕರೆಯ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು, "ಬಿದ್ದೀರಿ ಜೋಕೆ, ಟೀಪಾಯಿ ಹೊಸದು" ಎನ್ನುತ್ತಿದ್ದರು.

ದಂತವೈದ್ಯೆಯಾದ ಮಗಳು ಎರಡು ಬೀದಿ ಆಚೆ ಇದ್ದಾಳೆ. ಅಪ್ಪನ ಈ ತಪಸ್ಸನ್ನು ಕಂಡು ಅವಳೇ ಫೆಬ್ರುವರಿಯಲ್ಲಿ ಎರಡು ಪುಟ್ಟ ಪೆಟ್ಟಿಗೆಗಳನ್ನು ತಂದುಕೊಟ್ಟಳು. ಒಂದೊಂದರಲ್ಲೂ ಒಂದು ಗಾಜಿನ ನಳಿಕೆ, ಒಂದು ಚೀಟಿ, ಒಂದು ಸೂಚನಾಪತ್ರ. ನಳಿಕೆಯಲ್ಲಿ ಉಗುಳಿ ಕಳಿಸಿದರೆ ಪ್ರಯೋಗಾಲಯದವರು ಮೈಯ ನಿಜವಾದ ವಯಸ್ಸನ್ನು ಲೆಕ್ಕ ಹಾಕಿ ತಿಳಿಸುತ್ತಾರೆ.

"ಅಪ್ಪಾ, ನಮ್ಮ ಡಿಎನ್‌ಎ ಇರುತ್ತಲ್ಲ, ವರ್ಷ ಕಳೆದಂಗೆಲ್ಲ ಅದರ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತು ಬೀಳುತ್ತೆ. ಆ ಗುರುತುಗಳನ್ನ ಓದಿ ಅಂದಾಜು ಮಾಡ್ತಾರೆ" ಎಂದು ವಿವರಿಸಿದಳು.

ಸಾಹೇಬರ ಕಣ್ಣು ಅರಳಿತು. ಅಂದರೆ ದೇಹವೆಂಬ ಮಹಾ ಇಲಾಖೆಯಲ್ಲಿಯೂ ವಾರ್ಷಿಕ ಮುದ್ರೆಯ ಪದ್ಧತಿಯಿದೆ! ಅಲ್ಲಿಯವರೆಗೆ ವಿಜ್ಞಾನದ ಮೇಲೆ ಅವರಿಗಿದ್ದದ್ದು ಗೌರವ. ಅಂದಿನಿಂದ ಅದು ಸೋದರಭಾವವಾಯಿತು.

ಆ ಸೋದರನೇ ಈಗ ಕತ್ತು ಕೊಯ್ದಿದ್ದ.

ಮಾರ್ಚ್ ಹನ್ನೆರಡರಂದು ಸಾಹೇಬರು ಪ್ರಯೋಗಾಲಯಕ್ಕೆ ಮೊದಲ ಪತ್ರ ಬರೆದರು. ಹದಿನೈದರಂದು ಎರಡನೆಯದು. ಹತ್ತೊಂಬತ್ತರಂದು ಮೂರನೆಯದು; ಅದರಲ್ಲಿ ವಯಸ್ಸು ಅಳೆಯುವ ಯಂತ್ರವನ್ನು ಕೊನೆಯ ಬಾರಿ ಯಾರು, ಯಾವ ದಿನ, ಯಾವ ಮಾನಕದೊಂದಿಗೆ ಹೋಲಿಸಿ ಪರಿಶೀಲಿಸಿದರೆಂಬ ಪ್ರಮಾಣಪತ್ರವನ್ನು ಕೇಳಿದ್ದರು. ಇಪ್ಪತ್ತನಾಲ್ಕರ ನಾಲ್ಕನೆಯ ಪತ್ರ ಹನ್ನೊಂದು ಪುಟಗಳದ್ದು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವರು ಹೇಳಿದ್ದು ಸರಿಯೇ ಇದ್ರೆ?" ಎಂದರು ಹೆಂಡತಿ.

"ಹೇಗೆ ಸರಿ ಇರುತ್ತೆ? ಎರಡು ವರ್ಷದಿಂದ ನಾನು ಒಂದು ಚಮಚ ಸಕ್ಕರೆ ಮುಟ್ಟಿಲ್ಲ."

"ಅದೇ ಮತ್ತೆ. ಸಕ್ಕರೆ ಬಿಟ್ಟ ಮನುಷ್ಯ ಇನ್ನೇನಾಗ್ತಾನೆ? ಮುದುಕನಾಗ್ತಾನೆ."

ಮಾರ್ಚ್ ಮೂವತ್ತೊಂದರಂದು ಪ್ರಯೋಗಾಲಯದ ಉತ್ತರ ಬಂತು. ಹನ್ನೊಂದು ಪುಟಕ್ಕೆ ಎರಡೇ ಸಾಲು: "ಮಾನ್ಯರೇ, ಸೂಚನಾಪತ್ರದ ಮೂರನೆಯ ಸೂಚನೆಯಂತೆ, ಉಗುಳುವ ಮೊದಲೇ ನಳಿಕೆಗೆ ಹೆಸರಿನ ಚೀಟಿ ಅಂಟಿಸಿದ್ದಿರಾ? ದಯವಿಟ್ಟು ತಿಳಿಸಿ."

ಸಾಹೇಬರು ಪತ್ರವನ್ನು ಮೇಜಿನ ಮೇಲಿಟ್ಟರು.

ಅಂಟಿಸಿರಲಿಲ್ಲ. ಮರೆತು ಅಲ್ಲ, ತತ್ತ್ವಕ್ಕಾಗಿ ಅಂಟಿಸಿರಲಿಲ್ಲ. ಮೂವತ್ತನಾಲ್ಕು ವರ್ಷ ಅವರ ಇಲಾಖೆಯ ಮೂಲಮಂತ್ರ ಒಂದೇ: ಮೊದಲು ಪರಿಶೀಲನೆ, ಆಮೇಲೆ ಮುದ್ರೆ. ಖಾಲಿ ನಳಿಕೆಗೆ ಮುಂಚಿತವಾಗಿ ಹೆಸರು ಅಂಟಿಸುವುದೆಂದರೆ, ತೂಗಿ ನೋಡದ ತೂಕದ ಬಟ್ಟಿಗೆ ಮುದ್ರೆ ಒತ್ತಿದಂತೆ. ಇಂಥ ಕೆಲಸ ಮಾಡಿದ ಕಿರಿಯ ಸಹೋದ್ಯೋಗಿಯೊಬ್ಬನನ್ನು ಅವರು ಒಮ್ಮೆ ಅಳಿಸಿಬಿಟ್ಟಿದ್ದುಂಟು. ಆದ್ದರಿಂದ ಫೆಬ್ರುವರಿ ಹದಿನಾರರ ಭಾನುವಾರ ಇಬ್ಬರೂ ಉಗುಳಿದ ಮೇಲೆ, ತಮ್ಮ ನಳಿಕೆಯನ್ನು ಎಡಕ್ಕೂ ಹೆಂಡತಿಯ ನಳಿಕೆಯನ್ನು ಬಲಕ್ಕೂ ಲೋಟಗಳಲ್ಲಿ ನಿಲ್ಲಿಸಿ, ಚೀಟಿ ಅಂಟಿಸಲು ಓದುವ ಕನ್ನಡಕ ತರಲೆಂದು ಕೋಣೆಗೆ ಹೋಗಿದ್ದರು.

"ಏನೇ, ಇಲ್ಲಿ ಬಾ. ಆ ದಿನ ನಾನು ಕನ್ನಡಕ ತರೋಕೆ ಹೋದಾಗ ನೀನು ಮೇಜಿನ ಹತ್ತಿರ ಏನು ಮಾಡ್ತಿದ್ದೆ?"

"ಏನು ಮಾಡ್ತಾರೆ? ಚಹಾ ಚೆಲ್ಲಿತ್ತು, ಒರೆಸಿದೆ."

"ಲೋಟಗಳನ್ನ ಎತ್ತಿದೆಯಾ?"

"ಎತ್ತದೆ ಒರೆಸೋಕೆ ನನಗೇನು ಮಂತ್ರ ಬರುತ್ತಾ? ಎತ್ತಿದೆ, ಒರೆಸಿದೆ, ಮತ್ತೆ ಇಟ್ಟೆ."

"ಎಡದ್ದು ಎಡಕ್ಕೇ ಇಟ್ಟೆಯಾ?"

"ಅಯ್ಯೋ, ಉಗುಳಿನ ಲೋಟಕ್ಕೆ ಎಡ ಯಾವುದು ಬಲ ಯಾವುದು ಅಂತ ಯಾರು ನೋಡ್ತಾರ್ರೀ?"

ಸಾಹೇಬರು ಕುರ್ಚಿಯಿಂದ ಚಿಮ್ಮಿ ಎದ್ದರು. ಅದಲು ಬದಲು! ಅನ್ಯಾಯದ ಮೂಲ ಸಿಕ್ಕಿತು! ಐವತ್ತೆಂಟು ಅವರದ್ದು! ಎರಡು ವರ್ಷ ನಾಲ್ಕು ತಿಂಗಳ ಬಾದಾಮಿ ವ್ಯರ್ಥವಾಗಿರಲಿಲ್ಲ! ಅವರು ಆ ಸಂತೋಷದಲ್ಲಿ ಕಾಲಹರಣ ಮಾಡದೆ ಒಂಟಿ ಕಾಲಿನಲ್ಲಿ ನಿಂತರು, ಮತ್ತು ಹಾಗೆ ನಿಂತೇ ಘೋಷಿಸಿದರು:

"ಐವತ್ತೆಂಟು ನನ್ನದು ಕಣೇ! ಎಪ್ಪತ್ತೊಂಬತ್ತು ನಿನ್ನದು!"

"ಇರಲಿ ಬಿಡಿ. ಯಾರದ್ದಾದ್ರೆ ಏನು, ಮನೆಯಲ್ಲೇ ಇದೆಯಲ್ಲ" ಎಂದು ಆಕೆ ಕೈಚೀಲ ತೆಗೆದುಕೊಂಡು ತರಕಾರಿಗೆ ಹೊರಟರು.

ಸಾಹೇಬರು ಅರ್ಧ ಗಂಟೆಯಲ್ಲಿ ಐದನೆಯ ಪತ್ರ ಮುಗಿಸಿದರು. ನಳಿಕೆಗಳು ಅದಲು ಬದಲಾಗಿರುವುದು ನಿರ್ವಿವಾದ, ಎರಡೂ ವರದಿಗಳನ್ನು ತಕ್ಷಣ ರದ್ದುಪಡಿಸತಕ್ಕದ್ದು, ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಂಚೆಡಬ್ಬ ತೆರೆಯುವ ಸಮಯ ಹನ್ನೆರಡು. ಹನ್ನೆರಡಕ್ಕೆ ಎಂಟು ನಿಮಿಷವಿದೆ. ಚಪ್ಪಲಿ ಮೆಟ್ಟಿ ಮಹಡಿಯಿಂದ ಇಳಿದರು.

ಅವರದು ಮೂರು ಅಂತಸ್ತಿನ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಅವರ ಮನೆ ಎರಡನೆಯ ಮಹಡಿ, ಮೂವತ್ತಾರು ಮೆಟ್ಟಿಲು. ಹದಿನೆಂಟನೆಯ ಮೆಟ್ಟಿಲು ಮುಗಿಯುವಲ್ಲಿ, ಮೊದಲ ಮಹಡಿಯ ಬಾಗಿಲ ಮುಂದೆ, ಅವರ ಹೆಂಡತಿ ಕಂಬಿ ಹಿಡಿದು ನಿಂತಿದ್ದರು. ತುಂಬಿದ ತರಕಾರಿ ಚೀಲ ನೆಲದ ಮೇಲಿತ್ತು.

"ಇಲ್ಲೇನು ಮಾಡ್ತಿದ್ದೀಯ?"

"ಏನಿಲ್ಲ. ಈ ಮನೆಯವರು ಗಿಡದ ಕುಂಡಕ್ಕೆ ನೀರು ಹಾಕಿದ್ದಾರಾ ಅಂತ ನೋಡ್ತಿದ್ದೆ. ನೀವು ಹೋಗಿ, ಡಬ್ಬ ತೆಗೀತಾರೆ."

ಸಾಹೇಬರು ಹೋದರು. ಪತ್ರ ಹಾಕಿದರು. ವಿಜಯದ ನಗೆ ಬೀರುತ್ತ ಹಿಂದಿರುಗಿದರು. ಹದಿನೆಂಟನೆಯ ಮೆಟ್ಟಿಲಿಗೆ ಬಂದಾಗ, ಪ್ರತಿಯೊಂದನ್ನೂ ಪರಿಶೀಲಿಸುವ ಹಳೆಯ ಚಾಳಿಯಿಂದ, ಕುಂಡಕ್ಕೆ ನೀರು ಹಾಕಿದ್ದಾರೆಯೇ ಎಂದು ತಾವೂ ನೋಡಿದರು.

ಅಲ್ಲಿ ಕುಂಡವೇ ಇರಲಿಲ್ಲ. ಕುಂಡವಿದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಮಾತ್ರವಿತ್ತು. ಆ ಕಲೆಯ ಮೇಲೆ ಕೂತಿದ್ದ ಧೂಳನ್ನು ನೋಡಿದರೆ, ಕುಂಡ ಹೋಗಿ ಆರು ತಿಂಗಳಿಗೆ ಕಡಿಮೆಯಾಗಿರಲಾರದು.

ಸಾಹೇಬರು ಆ ಕಲೆಯನ್ನು ನೋಡುತ್ತ ನಿಂತುಬಿಟ್ಟರು. ಈ ಆರು ತಿಂಗಳಲ್ಲಿ ಎಷ್ಟು ಸಲ ಆಕೆ ಇಲ್ಲಿ ನಿಂತಿದ್ದನ್ನು ಕಂಡಿದ್ದರು! ಪ್ರತಿ ಸಲವೂ ಕುಂಡದ ಮಾತೇ. ಪರರ ಗಿಡದ ಬಗ್ಗೆ ಇಷ್ಟೊಂದು ಕಾಳಜಿ ಹೆಂಗಸರಿಗೆ ಸಹಜವೆಂದು ತಿಳಿದು ಮುಂದೆ ಹೋಗಿದ್ದರು. ಮೂವತ್ತನಾಲ್ಕು ವರ್ಷ ಒಂದು ಗ್ರಾಮಿನ ಮೋಸವನ್ನು ಹಿಡಿದ ಕಣ್ಣು ಇದನ್ನು ಹಿಡಿದಿರಲಿಲ್ಲ.

ಅವರಿಗೆ ಮದುವೆಯಾದ ಹೊಸತರ ಬಾಡಿಗೆ ಮನೆ ನೆನಪಾಯಿತು. ಕಬ್ಬಿಣದ ಸುರುಳಿ ಮೆಟ್ಟಿಲ ತುದಿಯಲ್ಲಿ ಒಂದೇ ಕೋಣೆ. ಆಗ ಇಲಾಖೆಯ ಮಾನಕ ಬಟ್ಟುಗಳ ಪೆಟ್ಟಿಗೆಯನ್ನು ಅವರು ತಪಾಸಣೆಯ ದಿನಗಳಲ್ಲಿ ಮನೆಗೇ ತರುತ್ತಿದ್ದರು. ಮರದ ಪೆಟ್ಟಿಗೆ, ಎರಡು ಹಿತ್ತಾಳೆಯ ಹಿಡಿ, ಒಳಗೆ ಮಖಮಲ್ಲಿನ ಗೂಡುಗಳಲ್ಲಿ ಬಟ್ಟುಗಳು, ಒಟ್ಟು ಹದಿನಾಲ್ಕು ಕಿಲೋ. ಸಂಜೆ ಬೀದಿಯ ತಿರುವಿನಲ್ಲಿ ಅವರ ಸೈಕಲ್ ಗಂಟೆ ಕೇಳಿದರೆ ಸಾಕು, ಆ ಕಬ್ಬಿಣದ ಮೆಟ್ಟಿಲು ಢಣಢಣ ಎನ್ನುತ್ತಿತ್ತು. ಅವರು ಸೈಕಲ್ ನಿಲ್ಲಿಸುವುದರೊಳಗೆ ಆಕೆ ಪೆಟ್ಟಿಗೆಯ ಒಂದು ಹಿಡಿಗೆ ಕೈ ಹಾಕಿರುತ್ತಿದ್ದರು. ಇಬ್ಬರೂ ಒಂದೊಂದು ಹಿಡಿ ಹಿಡಿದು ಹತ್ತುವಾಗ ಆಕೆಯೇ ಮುಂದೆ. "ನಿಧಾನ, ನಿಧಾನ! ಬಟ್ಟುಗಳು ಅಲುಗಾಡ್ತವೆ!" ಎಂದು ಇವರು ಕೂಗಬೇಕು. "ಅಲುಗಾಡಲಿ, ಅವುಗಳಿಗೂ ಸ್ವಲ್ಪ ಗಾಳಿ ಆಡಲಿ" ಎಂದು ಆಕೆ ಮೇಲಿನಿಂದ ನಗಬೇಕು. ತಪಾಸಣೆಯಿಲ್ಲದ ಸಂಜೆ ಬರಿಗೈಯಲ್ಲಿ ಬಂದರೆ ಆಕೆಯ ಮುಖ ಸಣ್ಣದಾಗುತ್ತಿತ್ತು. ಹೊರುವುದಕ್ಕೆ ಏನೂ ಇಲ್ಲವಲ್ಲ ಎಂದು, ಅವರ ಊಟದ ಡಬ್ಬಿಯನ್ನೇ ಇಬ್ಬರೂ ಹಿಡಿದುಕೊಂಡು ಹತ್ತಿದ ದಿನಗಳಿವೆ. (ಆ ಡಬ್ಬಿಯ ತೂಕ ಮುನ್ನೂರ ನಲವತ್ತು ಗ್ರಾಮ್.)

ಮೆಟ್ಟಿಲ ಮೇಲೆ ಆಕೆಯನ್ನು "ನಿಧಾನ" ಎಂದು ಕೂಗುವ ಅಗತ್ಯ ಯಾವಾಗ ತಪ್ಪಿಹೋಯಿತೋ ಅವರಿಗೆ ನೆನಪಾಗಲಿಲ್ಲ. ದಿನಾಂಕ ನೆನಪಾಗದೆ ಹೋದದ್ದು ಅವರ ಜೀವನದಲ್ಲಿ ಅದೇ ಮೊದಲು.

ಎಪ್ಪತ್ತೊಂಬತ್ತು ನಿನ್ನದು, ಎಂದು ಒಂಟಿ ಕಾಲಿನಲ್ಲಿ ನಿಂತು ಕೂಗಿದ್ದರಲ್ಲ! ಸಾಹೇಬರು ಐದನೆಯ ಪತ್ರವನ್ನು ಹಿಂದಕ್ಕೆ ಪಡೆಯಲೆಂದು ಧಡಧಡನೆ ಕೆಳಗಿಳಿದು ಅಂಚೆಡಬ್ಬದತ್ತ ಓಡಿದರು. ಅಂಚೆಯವನ ವ್ಯಾನು ತಿರುವಿನಲ್ಲಿ ಮರೆಯಾಗುತ್ತಿತ್ತು.

ಏಪ್ರಿಲ್ ಮೂರರಂದು ಅವರು, ತಮಗೇ ಏನೋ ಸರಿಯಿಲ್ಲವೆಂಬ ನೆಪದಲ್ಲಿ, ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಡಾಕ್ಟರಮ್ಮನ ಬಳಿಗೆ ಹೋದರು. ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸಿದರು.

"ಅಮ್ಮಾ, ಹೆದರೋ ಅಂಥದ್ದು ಏನೂ ಇಲ್ಲ. ರಕ್ತ ಕಡಿಮೆ ಇದೆ, ಮಾತ್ರೆ ಬರೀತೀನಿ. ಮೊಣಕಾಲು ಸವೆದಿದೆ. ಮೆಟ್ಟಿಲು ಹತ್ತೋದು ಮಾತ್ರ ಕಡಿಮೆ ಮಾಡಬೇಕು. ನೆಲಮಹಡಿ ಮನೆ ಸಿಕ್ಕಿದ್ರೆ ನೋಡಿ."

"ನನಗೇನಾಗಿದೆ ಡಾಕ್ಟರೇ? ನನಗೋಸ್ಕರ ಯಾರೂ ಮನೆ ಬದಲಿಸೋದು ಬೇಡ. ಇವರನ್ನ ನೋಡಿ, ಇವರಿಗೆ ಎಪ್ಪತ್ತೊಂಬತ್ತಂತೆ, ಕಾಗದದಲ್ಲೇ ಬಂದಿದೆ."

"ಸಾಹೇಬರಿಗಾ?" ಡಾಕ್ಟರಮ್ಮ ನಕ್ಕರು. "ಇವರ ಮೊಣಕಾಲು ಕುದುರೆಯದ್ದು ಇದ್ದಂಗಿದೆ."

ಜೀವನದಲ್ಲಿ ಮೊದಲ ಬಾರಿಗೆ ಸಾಹೇಬರಿಗೆ ತಮ್ಮ ಆರೋಗ್ಯದ ಮೇಲೆ ಸಿಟ್ಟು ಬಂತು.

ನೆಲಮಹಡಿಯ ಮನೆ ಇತ್ತು. ಅಲ್ಲಿದ್ದ ನಿವೃತ್ತ ಟೀಚರಮ್ಮ ತಂಗಿಯ ಜೊತೆ ಇರಲು ಏಪ್ರಿಲ್ ಕೊನೆಗೆ ಹೋಗುವವರಿದ್ದರು. ಅದಕ್ಕೆ ಆಸೆಪಟ್ಟಿದ್ದವರು ಇನ್ನೊಬ್ಬರಿದ್ದರು: ಮೊದಲ ಮಹಡಿಯ ವಿಮೆ ಏಜೆಂಟರು. ಅವರ ಕಾರಣವೇನೆಂದರೆ, ಹೊಸ ಸ್ಕೂಟರನ್ನು ಹಜಾರದಲ್ಲೇ ನಿಲ್ಲಿಸಬಹುದು! ಇಬ್ಬರಲ್ಲಿ ಯಾರಿಗೆ ಕೊಡಬೇಕೆಂದು ಏಪ್ರಿಲ್ ಇಪ್ಪತ್ತೆಂಟರ ಸಭೆಯಲ್ಲಿ ನಿರ್ಧರಿಸುವುದು ನಿವಾಸಿಗಳ ಸಂಘ. ಸಂಘದ ಹದಿನಾಲ್ಕನೆಯ ನಿಯಮದಂತೆ, ವಯಸ್ಸು ಅಥವಾ ದೇಹಸ್ಥಿತಿಯ ಅಸಲು ದಾಖಲೆ ಹಾಜರುಪಡಿಸಿದವರಿಗೆ ಆದ್ಯತೆ. ಸಾಹೇಬರ ಜನ್ಮ ದಾಖಲೆಯ ಎಪ್ಪತ್ತೊಂದು ಸಾಲದು. ನಿಯಮ ಕೇಳುವುದು ಎಪ್ಪತ್ತೈದು. ಹೆಂಡತಿಯ ಹೆಸರಿನಲ್ಲಿ ಡಾಕ್ಟರಮ್ಮನ ಚೀಟಿ ಕೊಡೋಣವೆಂದರೆ, "ನನ್ನ ಮೊಣಕಾಲಿನ ವಿಷಯ ಸಂಘದ ಬೋರ್ಡಿನ ಮೇಲೆ ಬಂದ್ರೆ ನಾನು ಈ ಮನೆಯಿಂದ ಇಳಿಯೋದೇ ಇಲ್ಲ" ಎಂದು ಆಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಉಳಿದದ್ದು ಒಂದೇ ದಾಖಲೆ. ಯಾವುದನ್ನು ಹರಿದು ಬಿಸಾಡಬೇಕೆಂದು ಸಾಹೇಬರು ಇಪ್ಪತ್ತು ದಿನ ಹಲ್ಲು ಕಡಿದಿದ್ದರೋ ಅದು.

"ನನಗೆ ಮೆಟ್ಟಿಲು ಹತ್ತೋದು ಕಷ್ಟವಾಗ್ತಿದೆ ಕಣೇ" ಎಂದರು ಒಂದು ದಿನ, ಗೋಡೆಯ ಕಡೆ ನೋಡುತ್ತ.

"ಅಯ್ಯೋ, ಮೊದಲೇ ಹೇಳಬಾರದಾ? ಹಂಗಾದ್ರೆ ಕೆಳಗೇ ಹೋಗೋಣ" ಎಂದರು ಆಕೆ ಒಂದೇ ಉಸಿರಿಗೆ. "ನಿಮಗೋಸ್ಕರ ಆದ್ರೆ ನನ್ನದೇನು ಅಡ್ಡಿ ಇಲ್ಲ."

ಆ ಕ್ಷಣದಿಂದ ಸಾಹೇಬರ ಮಾನ ಬೀದಿಪಾಲಾಯಿತು. ಬೆಳಗಿನ ವಾಯುವಿಹಾರದ ಗೆಳೆಯರಿಗೆ ಸುದ್ದಿ ಮುಟ್ಟಿತು. ಬೆಂಚಿನಲ್ಲಿ ಅವರಿಗೆ ಜಾಗ ಬಿಟ್ಟುಕೊಡತೊಡಗಿದರು. ಮಗಳು ಊರುಗೋಲು ತಂದಳು. ಹೆಂಡತಿ ಕಂಡಕಂಡವರಿಗೆಲ್ಲ, "ಪಾಪ, ವಯಸ್ಸಾಯ್ತು ನೋಡಿ ಅವರಿಗೆ. ನನಗಿನ್ನೂ ಐವತ್ತೆಂಟು, ಹೆಂಗೋ ನೋಡ್ಕೋತೀನಿ" ಎಂದು ಹೇಳುತ್ತಿದ್ದರು. ಸಾಹೇಬರು ಎಲ್ಲವನ್ನೂ ನುಂಗಿಕೊಂಡರು. ಜೊತೆಯಾಗಿ ಹತ್ತುವಾಗಲೆಲ್ಲ ಹದಿನೆಂಟನೆಯ ಮೆಟ್ಟಿಲಿನಲ್ಲಿ ಅವರು ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. (ಅದನ್ನು ಸರಿಯಾಗಿ ಬಿಡಲು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದರು.)

"ನಿಂತ್ಕೊಳ್ಳಿ, ನಿಂತ್ಕೊಳ್ಳಿ. ಅವಸರ ಏನಿದೆ?" ಎಂದು ಆಕೆ ಕಂಬಿ ಹಿಡಿದು ತಾವೂ ನಿಲ್ಲುತ್ತಿದ್ದರು. ಇಬ್ಬರೂ ಎರಡು ನಿಮಿಷ ಆ ದುಂಡನೆಯ ಕಲೆಯನ್ನು ನೋಡುತ್ತಿದ್ದರು. ಒಬ್ಬರ ಏದುಸಿರು ಮಾತ್ರ ನಿಜವಾದದ್ದು.

ಏಪ್ರಿಲ್ ಹದಿನಾಲ್ಕರಂದು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದರು. ಕೈಯಲ್ಲಿ ಸಾಹೇಬರ ಅರ್ಜಿಯಿತ್ತು, ಮುಖದಲ್ಲಿ ಸಂಕೋಚವಿತ್ತು.

"ಸಾಹೇಬರೇ, ತಪ್ಪು ತಿಳ್ಕೋಬೇಡಿ. ನಿಮ್ಮ ದಾಖಲೆ ಸರಿ ಇದೆಯಾ ಅಂತ ಪ್ರಯೋಗಾಲಯಕ್ಕೆ ಫೋನ್ ಮಾಡಿದ್ದೆ."

"ನನ್ನನ್ನೇ ಅನುಮಾನಿಸುವಷ್ಟು ಆಯಿತೇ? ಯಾವ ನಿಯಮದ ಪ್ರಕಾರ ಮಾಡಿದಿರಿ?"

"ಹದಿನಾಲ್ಕು, ಉಪನಿಯಮ ಎರಡು. ದಾಖಲೆ ಕೊಟ್ಟ ಸಂಸ್ಥೆಯನ್ನೇ ವಿಚಾರಿಸತಕ್ಕದ್ದು ಅಂತ ಇದೆ. ಒಂಬತ್ತು ವರ್ಷದ ಹಿಂದೆ ಅದನ್ನ ಬರೆದವರು ನೀವೇ."

ನಿಯಮ ಅತ್ಯುತ್ತಮವಾಗಿತ್ತು.

"ಅವರು ಏನು ಹೇಳಿದ್ರು ಅಂದ್ರೆ, ಗ್ರಾಹಕರೇ ಐದು ಪತ್ರ ಬರೆದು ವರದಿ ತಪ್ಪು ಅಂತ ಸಾಬೀತು ಮಾಡಿದ್ದಾರೆ, ಬಹಳ ಸಮರ್ಪಕವಾದ ವಾದ, ನಾವು ಒಪ್ಪಿಕೊಂಡು ರದ್ದು ಮಾಡಿದ್ದೀವಿ ಅಂದ್ರು. ಹೊಸ ನಳಿಕೆ ಕಳಿಸಿದ್ದಾರಂತೆ."

ಹೊಸ ನಳಿಕೆಗಳು ಆ ಮಧ್ಯಾಹ್ನವೇ ಬಂದವು, ಕ್ಷಮಾಪಣೆಯ ಪತ್ರದೊಂದಿಗೆ. ಮೂವತ್ತನಾಲ್ಕು ವರ್ಷ ನೌಕರಿ, ಹನ್ನೊಂದು ವರ್ಷ ನಿವೃತ್ತಿ. ಇಷ್ಟು ಕಾಲದಲ್ಲಿ ತಕ್ಕಡಿ ಸಾಹೇಬರ ದೂರೊಂದನ್ನು ಯಾರಾದರೂ ಪೂರ್ಣವಾಗಿ ಒಪ್ಪಿಕೊಂಡದ್ದು ಇದೇ ಪ್ರಥಮ. ಅವರು ಪೆಟ್ಟಿಗೆಗಳನ್ನು ತೆರೆಯಲಿಲ್ಲ. ಮೇಜಿನ ಮುಂದೆ ಕುಳಿತು, ಪೆನ್ನಿನ ಟೋಪಿ ತೆಗೆದು, ಆರನೆಯ ಪತ್ರವನ್ನು ಆರಂಭಿಸಿದರು. ಹೆಂಡತಿ ಬೆನ್ನ ಹಿಂದೆ ನಿಂತು ಎರಡು ಸಾಲು ಓದಿದರು.

"ಎಪ್ಪತ್ತೊಂಬತ್ತು ಕೊಡಿ ಕೊಡಿ ಅಂತ ಜಗಳ ಆಡೋ ಗಂಡಸನ್ನ ನಾನಿಲ್ಲೇ ನೋಡಿದ್ದು" ಎಂದರು. ಆಮೇಲೆ, ಹೇಳದೇ ಕೇಳದೇ, ಒಂದು ಲೋಟ ಚಹಾ ತಂದು ಅವರ ಮುಂದಿಟ್ಟರು. ಅದರಲ್ಲಿ ಸಕ್ಕರೆಯಿತ್ತು. ಸಾಹೇಬರು ಕುಡಿದರು, ಎಷ್ಟು ಚಮಚ ಎಂದು ಕೇಳಲಿಲ್ಲ. ಬರೆಯುವುದನ್ನು ಮುಂದುವರಿಸಿದರು:

"ವಯಸ್ಸಿನ ಪ್ರಯೋಗಾಲಯದ ಮೇಲ್ವಿಚಾರಕರಿಗೆ.

ಮಾನ್ಯರೇ, ನನ್ನ ಹಿಂದಿನ ಐದೂ ಪತ್ರಗಳು ತಪ್ಪು. ಮಾರ್ಚ್ ಹನ್ನೊಂದರಂದು ನೀವು ನನಗೆ ದಯಪಾಲಿಸಿದ ಎಪ್ಪತ್ತೊಂಬತ್ತು ವರ್ಷಗಳನ್ನು ನನ್ನ ಒಪ್ಪಿಗೆಯಿಲ್ಲದೆ (ಒಪ್ಪಿಗೆ ಇದ್ದಾಗ್ಯೂ) ಹಿಂದಕ್ಕೆ ಪಡೆಯಲು ನಿಮಗೆ ಅಧಿಕಾರವಿಲ್ಲ. ಒಂದು ಸಲ ಒತ್ತಿದ ಮುದ್ರೆ ಒತ್ತಿದ್ದೇ. ಆದುದರಿಂದ ನನ್ನ ಬೇಡಿಕೆಗಳು ಹೀಗಿವೆ. ಸದರಿ ಎಪ್ಪತ್ತೊಂಬತ್ತನ್ನು ನನ್ನ ಹೆಸರಿಗೇ, ಅಸಲು ಪ್ರತಿಯಲ್ಲಿ, ಸಹಿ ಮತ್ತು ಮೊಹರಿನೊಂದಿಗೆ ಪುನಃ ನೀಡತಕ್ಕದ್ದು. ನನ್ನ ಪತ್ನಿಯ ಐವತ್ತೆಂಟನ್ನು ಈಗಲಾಗಲಿ ಮುಂದಾಗಲಿ ಯಾರೂ ಮುಟ್ಟಕೂಡದು. ಮರುಪರೀಕ್ಷೆ ಮಾಡಕೂಡದು, ಹೊಸ ನಳಿಕೆಗಳನ್ನು ತೆರೆಯದೆ ಹಿಂದಿರುಗಿಸಿದ್ದೇನೆ. ಇದೆಲ್ಲವೂ ಈ ತಿಂಗಳ ಇಪ್ಪತ್ತೆಂಟರೊಳಗೆ ಆಗಬೇಕು. ಒಂದು ದಿನ ತಡವಾದರೆ ನೆಲಮಹಡಿಗೆ ಸ್ಕೂಟರ್ ಬರುತ್ತದೆ. ನಾನು ದಿನಕ್ಕೆ ಎರಡು ಬಾರಿ ಮೂವತ್ತಾರು ಮೆಟ್ಟಿಲು ಹತ್ತುತ್ತಿದ್ದೇನೆ, ಮತ್ತು ಒಬ್ಬನೇ ಹತ್ತುತ್ತಿಲ್ಲ, ಎಂಬುದನ್ನು ತಾವು ಗಮನಿಸತಕ್ಕದ್ದು."